ಐದು ಮಂದಿಗೆ ನಾಲ್ಕು ಚಸ್ಮಾ

ಹೊರ್ತಿಗೆ ಬಂದು ಖಂಡೆಪ್ಪನವರ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಖಂಡೆಪ್ಪ ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಪಂಚ ಖಂಡೆಪ್ಪ ಎನ್ನಿ, ಕೂತವರು ಎದ್ದು ಬಂದು ದಾರಿ ತೋರಿಸುತ್ತಾರೆ. ಅವರು ನನ್ನ ಮಾವ. ಕುರಿ ಕಾಯುವ ಮನೆತನ, ಇವತ್ತಿಗೂ ಹಿತ್ತಲಿನ ತುಂಬ ಕುರಿಗಳಿವೆ. ಆದರೆ ಅವರ ಹೆಸರು ನಿಂತದ್ದು ಕುರಿಯ ಮೇಲಲ್ಲ, ಕುಸ್ತಿಯ ಮೇಲೆ. ಅದೂ ಕುಸ್ತಿ ಆಡಿ ಅಲ್ಲ, ನೋಡಿ.

ನಮ್ಮ ಕಡೆ ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಸೋತಂತೆ. ಹತ್ತಿತೋ ಇಲ್ಲವೋ ಎಂದು ಹೇಳುವವನು ಪಂಚ. ಉಳಿದ ಪಂಚರು ನಿಂತಲ್ಲಿಂದಲೇ ಬಗ್ಗಿ ನೋಡುತ್ತಿದ್ದ ಕಾಲದಲ್ಲಿ ನಮ್ಮ ಮಾವ ರುಮಾಲು ತೆಗೆದು ಪಕ್ಕಕ್ಕಿಟ್ಟು, ಕಣದಲ್ಲಿ ಉದ್ದಕ್ಕೆ ಮಲಗಿ, ಕೆನ್ನೆಯನ್ನು ಮಣ್ಣಿಗೆ ಹಚ್ಚುತ್ತಿದ್ದರಂತೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಪೈಲವಾನನ ಬೆನ್ನಿನ ಕೆಳಗೆ ನೋಡುವುದು. ಬೆನ್ನಿಗೂ ಮಣ್ಣಿಗೂ ನಡುವೆ ದಾರದಷ್ಟು ಬೆಳಕು ಕಂಡರೂ ಆಟ ನಡೆಯಬೇಕು. ಬೆಳಕು ಹೋಯಿತೋ, ಅಂಗೈಯಿಂದ ನೆಲಕ್ಕೊಂದು ಏಟು. ಚಿತ್! ಆಮೇಲೆ ಯಾರೂ ತಕರಾರು ತೆಗೆಯುವಂತಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ದೊಡ್ಡ ಕುಸ್ತಿ ಹಿಡಿದರೂ ಜೀಪು ಕಳಿಸಿ ಇವರನ್ನು ಕರೆಸುತ್ತಿದ್ದರು. ನಿಡಗುಂದಿಯ ನಮ್ಮಪ್ಪ ಈ ಮನೆಗೆ ನನ್ನನ್ನು ಕೊಟ್ಟದ್ದೂ ಅದೇ ಕಾರಣಕ್ಕೆ. ಹುಡುಗನನ್ನು ಸರಿಯಾಗಿ ನೋಡಲೇ ಇಲ್ಲ ಪುಣ್ಯಾತ್ಮ. ಖಂಡೆಪ್ಪನ ಮಗ ಎಂದಕೂಡಲೇ ಎಲೆಅಡಿಕೆ ಕೊಟ್ಟುಬಿಟ್ಟ.

ಈ ಮನೆಗೆ ಬಂದ ಮೇಲೆ ನನಗೊಂದು ಹೊಸ ಫಜೀತಿ. ಇಲ್ಲಿ ಸೊಸೆ ಮಾವನ ಎದುರು ಕೂರಬಾರದು, ನೇರವಾಗಿ ಮಾತಾಡಬಾರದು. ನಾನೋ, ಬಸ್ಸಿನಲ್ಲಿ ಪಕ್ಕ ಕೂತವರ ಊರು, ಕುಲ, ಮಕ್ಕಳು ಎಲ್ಲವನ್ನೂ ವಿಚಾರಿಸದೆ ಇಳಿಯುವವಳಲ್ಲ. ಅಂಥವಳು ತಲೆಯ ಮೇಲೆ ಸೆರಗು ಹೊದ್ದು, ಬಾಗಿಲ ಸಂದಿಯಲ್ಲಿ ನಿಂತು, ‘ಅತ್ತೀ, ಮಾವಾರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳ್ರಿ’ ಎನ್ನಬೇಕು. ಮಾವನವರು ಅಲ್ಲೇ ಮಾರುದೂರದಲ್ಲಿ ಕೂತು ನನ್ನ ಮಾತು ಕೇಳಿಸಿಕೊಂಡು, ‘ಸಾಕಂತ ಹೇಳು’ ಎಂದು ಅತ್ತೆಗೆ ಹೇಳುತ್ತಾರೆ. ಅತ್ತೆ ಲಕ್ಕವ್ವ ಊಟ ಬಿಟ್ಟು ನಮ್ಮಿಬ್ಬರ ನಡುವಿನ ಟಪಾಲು ಸಾಗಿಸಬೇಕು.

ಅತ್ತೆ ಇಲ್ಲದಾಗ ನಾವು ಟಗರನ್ನು ಹಿಡಿದುಕೊಂಡೆವು. ಹಣೆಯ ಮೇಲೆ ಬಿಳಿ ಅರ್ಧಚಂದ್ರ ಇರುವ ಒಂದು ಟಗರಿತ್ತು, ಚಂದ್ರ್ಯಾ ಎಂದು ಹೆಸರು. ಬೆಳಿಗ್ಗೆ ನಾನು ಹಿತ್ತಲು ಗುಡಿಸುವಾಗ ಮಾವನವರು ಅದಕ್ಕೆ ಹುರುಳಿ ತಿನ್ನಿಸುತ್ತಿದ್ದರು. ‘ಚಂದ್ರ್ಯಾ, ಇವತ್ತ ಮಳಿ ಬರೂವಂಗ ಐತೆಲ್ಲೋ, ಒಣಗಿದ ಕುಳ್ಳು ಒಳಗ ಇಡಬೇಕೇನು?’ ಎಂದರೆ ನನಗೆ ಹೇಳಿದಂತೆ. ‘ಚಂದ್ರ್ಯಾ, ಆಗಲೇ ಇಟ್ಟಾಗೈತಿ ಅಂತ ಹೇಳು’ ಎಂದರೆ ಅವರಿಗೆ ಹೇಳಿದಂತೆ. ಟಗರು ಪಾಪ ಇಬ್ಬರ ಮುಖವನ್ನೂ ನೋಡಿ ಮತ್ತೆ ಹುರುಳಿಗೆ ಬಾಯಿ ಹಾಕುತ್ತಿತ್ತು.

ಹೀಗಿರುವಾಗ ನನ್ನ ಗಂಡ ಅನೀಲಕುಮಾರ ಒಂದು ಟಿವಿ ತಂದರು. ಝಳಕಿಯಲ್ಲಿ ಅವರದು ಮೈಕ್‌ಸೆಟ್ಟಿನ ಅಂಗಡಿ. ನಾನು ಒಂದು ವರ್ಷದಿಂದ ಮಿಕ್ಸರ್ ತನ್ನಿ, ಮಿಕ್ಸರ್ ತನ್ನಿ ಎಂದು ಬಾಯಿ ಬಡಿದುಕೊಂಡಿದ್ದೆ. ಈ ಮಹಾರಾಯರು ಸೊಲ್ಲಾಪುರಕ್ಕೆ ಹೋಗಿ ಅರ್ಧ ಗೋಡೆಯಷ್ಟು ದೊಡ್ಡ ಟಿವಿ ಹೊತ್ತು ತಂದರು. ಅದರ ಜೊತೆ ನಾಲ್ಕು ಕರಿ ಚಸ್ಮಾ.

‘ಇದು ತ್ರೀಡಿ ಟಿವಿ. ಈ ಗುಂಡಿ ಒತ್ತಿ ಚಸ್ಮಾ ಹಾಕ್ಕೊಂಡ್ರ ಸಾಕು, ಆಟಗಾರ ಮನಿಯೊಳಗ ಬಂದುಬಿಡತಾನ’ ಎಂದರು.

‘ಬಂದು ಶೇಂಗಾ ಚಟ್ನಿ ಕುಟ್ಟಿಕೊಡತಾನೇನು?’ ಎಂದೆ.

ಆಗ ಟಿವಿಯಲ್ಲಿ ಕಬಡ್ಡಿ ನಡೆಯುತ್ತಿತ್ತು. ಸಂಜೆ ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ಮಾವನವರಿಗೊಂದು ಚಸ್ಮಾ, ಅತ್ತೆಗೊಂದು, ನನ್ನ ಗಂಡನಿಗೊಂದು. ನಾಲ್ಕನೆಯದು ಸಿದ್ಧರಾಮನಿಗೆ. ಈ ಸಿದ್ಧರಾಮ ನಮ್ಮ ಓಣಿಯವನೇ. ಮಾವನವರ ಹಿಂದೆ ಊರೂರು ತಿರುಗಿ ಪಂಚನ ಕೆಲಸ ಕಲಿಯುತ್ತಿದ್ದ. ಐದನೆಯವಳು ನಾನು. ನನಗೆ ಚಸ್ಮಾ ಇಲ್ಲ, ಎದುರು ಕೂರುವ ಹಕ್ಕೂ ಇಲ್ಲ. ಅವರ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಎಲ್ಲ ಆಟಗಾರರೂ ಜೋಡಿ ಜೋಡಿಯಾಗಿ, ಒಬ್ಬನ ಮೈಮೇಲೆ ಅವನೇ ಅರ್ಧ ಸರಿದು ನಿಂತಂತೆ ಕಾಣುತ್ತಿದ್ದರು. ನೋಡಿದರೆ ತಲೆ ಗಿಮ್ಮೆನ್ನುತ್ತಿತ್ತು. ಇದಕ್ಕೆ ಇಷ್ಟು ದೊಡ್ಡ ಸಂಭ್ರಮವೇ ಎಂದು ನನಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಅತ್ತೆ ಕಾಲು ಮೇಲೆಳೆದುಕೊಂಡು, ‘ಅಯ್ಯ ಶಿವನ! ಮೈಮ್ಯಾಲ ಬಂದ್ನಲ್ಲೋ!’ ಎಂದು ಕೂಗಿದರು. ಸಿದ್ಧರಾಮ ತಲೆ ಬಗ್ಗಿಸಿದ. ನನ್ನ ಗಂಡ ಹಿಂದಕ್ಕೆ ವಾಲಿದರು. ನನಗೆ ಟಿವಿ ಸರಿಯಾಗಿ ಕಾಣದ ಕಾರಣ ನಾನು ಇವರನ್ನೇ ನೋಡತೊಡಗಿದೆ, ಅದೇ ಚೆನ್ನಾಗಿತ್ತು. ನೋಡುತ್ತ ನೋಡುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಮೂವರೂ ಒಟ್ಟಿಗೆ ಬಗ್ಗುತ್ತಿದ್ದರು. ಮಾವನವರು ಮಾತ್ರ, ಪಕ್ಕದಲ್ಲಿ ಕೂತ ಮಗ ಬಗ್ಗಿದ್ದನ್ನು ನೋಡಿ ಆಮೇಲೆ ಬಗ್ಗುತ್ತಿದ್ದರು. ಒಮ್ಮೆಯಲ್ಲ, ಪ್ರತಿ ಸಲವೂ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಮಾವನವರು ಟಗರಿನ ಕುತ್ತಿಗೆ ತುರಿಸುತ್ತ ಕೇಳಿದರು. ‘ಏನೋ ಚಂದ್ರ್ಯಾ, ಆ ಟಿವಿಯಾಗ ಎಲ್ಲಾರಿಗೂ ಏನೋ ಹೊರಗ ಬರತೈತೆಲ್ಲೋ. ನಿನಗೇನರ ಬಂತೇನು?’

ನಾನು ಕಸಬರಿಗೆ ನಿಲ್ಲಿಸದೆ ಹೇಳಿದೆ. ‘ಚಂದ್ರ್ಯಾ, ನನಗ ಚಸ್ಮಾನ ಕೊಟ್ಟಿಲ್ಲ. ನನಗ ಎರಡೆರಡು ಮಂದಿ ಕಾಣತಾರ. ಮಾವಾರಿಗೂ ಹಂಗ ಕಾಣತೈತೇನು ಕೇಳು.’

‘ಎರಡಿಲ್ಲ, ಒಬ್ಬಾವ ಕಾಣತಾನ. ಚಲೋನ ಕಾಣತಾನ, ಗ್ವಾಡಿಗೆ ಹಚ್ಚಿದ ಫೋಟೋದಂಗ. ಆದರ ಅವರೆಲ್ಲಾ ಯಾಕ ಬಗ್ಗತಾರ, ಅದ ತಿಳಿವಲ್ದು.’

ನನಗೂ ತಿಳಿಯಲಿಲ್ಲ. ಚಸ್ಮಾ ಕೆಟ್ಟಿರಬೇಕು ಎಂದುಕೊಂಡೆ. ಸಂಜೆ ಚಸ್ಮಾಗಳನ್ನು ಒರೆಸಿ ಕೊಡುವ ನೆಪದಲ್ಲಿ ಮಾವನವರದನ್ನು ಸಿದ್ಧರಾಮನಿಗೂ ಸಿದ್ಧರಾಮನದನ್ನು ಮಾವನವರಿಗೂ ದಾಟಿಸಿದೆ. ಏನೂ ಬದಲಾಗಲಿಲ್ಲ. ಸಿದ್ಧರಾಮ ಹೊತ್ತಿಗೆ ಸರಿಯಾಗಿ ಬಗ್ಗಿದ, ಮಾವನವರು ಹಿಂದಿನಿಂದ ಬಗ್ಗಿದರು. ಹಾಗಾದರೆ ಚಸ್ಮಾ ಸರಿ ಇದೆ. ಕೆಟ್ಟದ್ದು ಯಾವುದು? ನನ್ನ ತಲೆಯೆಲ್ಲ ಗೊಂದಲ.

ಗೊಂದಲ ಬಿಡಿಸಿದವನು ಸಿದ್ಧರಾಮ, ಅವನಿಗೆ ಗೊತ್ತಿಲ್ಲದೆಯೇ. ಒಂದು ಸಂಜೆ ಆಟದಲ್ಲಿ ಒಬ್ಬ ಗೆರೆ ಮುಟ್ಟಿದನೋ ಇಲ್ಲವೋ ಎಂದು ಜಗಳ ಎದ್ದಿತು. ಸಿದ್ಧರಾಮ ಉಮೇದಿನಿಂದ ಪಡಸಾಲೆಯ ನೆಲದ ಮೇಲೆಯೇ ಮಲಗಿ, ಗುರುವಿನ ಹಾಗೆ ಎಡಗಣ್ಣು ಮುಚ್ಚಿ ಟಿವಿ ನೋಡಿದ. ತಕ್ಷಣ ಎದ್ದು ಕೂತು ನಕ್ಕ.

‘ಏ ಅನೀಲಣ್ಣಾ, ಮಜಾ ನೋಡೋ! ಒಂದ ಕಣ್ಣ ಮುಚ್ಚಿದ್ರ ತ್ರೀಡಿ ಹೋತು! ಎಲ್ಲಾ ಚಪ್ಪಟಿ, ಫೋಟೋ ಇದ್ದಂಗ!’

ನನ್ನ ಗಂಡ ಮುಚ್ಚಿ ನೋಡಿದರು, ಅತ್ತೆ ಮುಚ್ಚಿ ನೋಡಿದರು, ಹೌದಲ್ಲ, ಹೌದಲ್ಲ ಎಂದು ನಕ್ಕರು. ಮಾವನವರು ನಗಲಿಲ್ಲ. ಹಿಂದೆ ನಿಂತ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಅದು ನೆಟ್ಟಗೆ ಬಿಗಿದುಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಟಿವಿಯೊಳಗಿನವನ ಕೈ ಮತ್ತೆ ಹೊರಗೆ ಬಂತೆಂದು ಕಾಣುತ್ತದೆ, ಮೂವರೂ ಬಗ್ಗಿದರು. ಈ ಸಲ ಮಾವನವರು ಬಗ್ಗಲೇ ಇಲ್ಲ.

ಫೋಟೋದಂಗ ಕಾಣುತ್ತದೆ ಎಂದು ಮಾವನವರೂ ಹೇಳಿದ್ದರಲ್ಲ! ಊಟಕ್ಕೆ ಕೂತಾಗಲೂ ಅವರು ತಂಬಿಗೆಯಿಂದ ನೀರು ಬಗ್ಗಿಸಿದರೆ ಅರ್ಧ ಲೋಟದೊಳಗೆ, ಅರ್ಧ ಹೊರಗೆ. ‘ಸಣ್ಣ ಹುಡುಗರಂಗ ಚೆಲ್ಲತೀರಲ್ರಿ’ ಎಂದು ಅತ್ತೆ ದಿನಾ ಬೈಯುತ್ತಿದ್ದರು. ಆ ರಾತ್ರಿಯೂ ಚೆಲ್ಲಿದರು, ಅತ್ತೆ ಬೈದರು. ನಾನು ಒರೆಸಿದೆ.

ಬೆಳಿಗ್ಗೆ ಮಾವನವರು ನನಗಿಂತ ಮೊದಲೇ ಹಿತ್ತಲಲ್ಲಿದ್ದರು. ಹುರುಳಿ ಹಾಗೇ ಬುಟ್ಟಿಯಲ್ಲಿತ್ತು. ನಾನು ಧೈರ್ಯ ಮಾಡಿದೆ.

‘ಚಂದ್ರ್ಯಾ, ಮಾವಾರಿಗೆ ಬಲಗಣ್ಣ ಮುಚ್ಚಾಕ ಹೇಳು. ಮುಚ್ಚಿ, ನನ್ನ ಕೈಯಾಗ ಏನೈತಿ ಹೇಳಲಿ.’ ನನ್ನ ಕೈಯಲ್ಲಿ ಕಸಬರಿಗೆ ಇತ್ತು.

ಅವರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು. ‘ಬೆಳಕೈತಿ’ ಎಂದರು.

‘ಬೆಳಕಲ್ಲೋ ಚಂದ್ರ್ಯಾ. ಕೈಯಾಗ ಏನೈತಿ?’

‘ಏನೋ ಮಬ್ಬುಮಬ್ಬು ಐತಿ. ಎಡಗಣ್ಣಲ್ಲೇನು, ಅದು ಹಂಗ ಇರತೈತಿ. ಎಲ್ಲಾರ್ದೂ ಹಂಗ.’ ಅವರು ಅಂಗೈ ತೆಗೆದು ಟಗರಿಗೆ ತಿಳಿಸಿ ಹೇಳುವಂತೆ ಹೇಳಿದರು. ‘ಎಡಗೈಲೆ ಯಾರರ ಕೊಡಲಿ ಹಿಡಿತಾರೇನು? ಬಲಗೈ ಗಟ್ಟಿ, ಎಡಗೈ ಸಡ್ಲ. ಕಣ್ಣೂ ಹಂಗ. ಬಲದ್ದು ನೋಡಾಕ, ಎಡದ್ದು ಜೋಡಿಗೆ.’

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎಲ್ಲರ ಕಣ್ಣೂ ಹೀಗೇ ಎಂದು ತಿಳಿದು ಹುಟ್ಟಿದಾಗಿನಿಂದ ಬದುಕಿದ್ದಾರೆ ಮಾವನವರು! ತಪ್ಪು ಎಂದು ಹೇಳುವವರಾದರೂ ಯಾರು? ನಿನಗೆ ಎಡಗಣ್ಣಲ್ಲಿ ಎಷ್ಟು ಕಾಣುತ್ತದೆ, ನನಗೆ ಎಷ್ಟು ಕಾಣುತ್ತದೆ ಎಂದು ಯಾರು ಯಾರನ್ನು ಕೇಳುತ್ತಾರೆ? ಎರಡೂ ಕಣ್ಣು ನೋಡಲು ಚೆನ್ನಾಗಿಯೇ ಇವೆ, ಕರಿಗುಡ್ಡೆ ಹೊಳೆಯುತ್ತದೆ.

‘ಚಂದ್ರ್ಯಾ,’ ಎಂದೆ, ‘ನನಗ ಎರಡೂ ಕಣ್ಣೀಲೆ ಒಂದ ನಮೂನಿ ಕಾಣತೈತಿ. ಎಲ್ಲಾರಿಗೂ ಹಂಗ ಕಾಣತೈತಿ.’

ಮಾವನವರು ಟಗರನ್ನೇ ನೋಡುತ್ತ ನಿಂತರು. ಆಮೇಲೆ ಮೇವಿನ ಗೋದಲಿಯ ಅಂಚಿಗೆ ಕುಸಿದು ಕೂತರು. ‘ಹಂಗಾದ್ರ ಮಂದಿಗೆ ಕಾಣೋದು ಬ್ಯಾರೇನ ಏನೋ ಐತಿ’ ಎಂದರು. ‘ನಾ ಇಷ್ಟ ದಿನ ಏನ ನೋಡಿದೆ ಹಂಗಾದ್ರ?’

ಇಂಡಿಯ ಕಣ್ಣಿನ ಡಾಕ್ಟರ ಹತ್ತಿರ ನನ್ನ ಗಂಡ ಕರೆದುಕೊಂಡು ಹೋದರು, ಸುಮ್ಮನೆ ವಯಸ್ಸಾಯಿತು ತೋರಿಸೋಣ ಎಂದು ನಾನೇ ಕಳಿಸಿದೆ. ಬಲಗಣ್ಣು ಗಟ್ಟಿಮುಟ್ಟಾಗಿದೆ, ಎಡಗಣ್ಣು ಸಣ್ಣಂದಿನಿಂದ ಮಲಗಿಬಿಟ್ಟಿದೆ, ಈ ವಯಸ್ಸಿನಲ್ಲಿ ಅದನ್ನು ಎಬ್ಬಿಸಲಾಗದು ಎಂದರಂತೆ ಡಾಕ್ಟರು. ನನ್ನ ಗಂಡ ಮನೆಗೆ ಬಂದು ಕೇಳಿದ ಮೊದಲ ಮಾತು, ‘ಹಂಗಾದ್ರ ಅಪ್ಪ ದಿನಾ ಬಗ್ಗತಿದ್ನಲ್ಲ, ಯಾಕ?’

ಯಾಕೆಂದು ನನಗೆ ಗೊತ್ತಿತ್ತು. ಶ್ರಾವಣದ ಕಡೆಯ ಸೋಮವಾರ ಹೊರ್ತಿಯ ಕುಸ್ತಿ. ನಮ್ಮೂರ ಸೋಮನಿಂಗನಿಗೂ ಸಿಂದಗಿಯ ಪೈಲವಾನನಿಗೂ ಜೋಡಿ. ಹೋದ ವರ್ಷವೂ ಇದೇ ಜೋಡಿಯಾಗಿತ್ತು. ಮಾವನವರೇ ಮಣ್ಣಿನಲ್ಲಿ ಮಲಗಿ ನೋಡಿ, ನಮ್ಮೂರ ಹುಡುಗ ಎಂದು ಮುಲಾಜು ಮಾಡದೆ ಸೋಮನಿಂಗ ಚಿತ್ ಎಂದು ನೆಲಕ್ಕೆ ಹೊಡೆದಿದ್ದರು. ಬೆನ್ನು ಹತ್ತಿರಲಿಲ್ಲ ಎಂದು ಅವನ ಗೆಳೆಯರು ಹಾರಾಡಿದಾಗ ಸೋಮನಿಂಗನೇ, ‘ಖಂಡೆಪ್ಪಜ್ಜ ನೋಡ್ಯಾನಂದ್ರ ಹತ್ತೈತಿ’ ಎಂದು ಅವರ ಬಾಯಿ ಮುಚ್ಚಿಸಿದ್ದ. ಈ ಸಲವೂ ಅದೇ ಅಜ್ಜನೇ ಪಂಚನಾಗಬೇಕೆಂದು ಅವನ ಹಟ. ಪಂಚನ ಆಸ್ತಿಯೆಂದರೆ ಕಣ್ಣೊಂದೇ. ಮಂದಿಗೆ ಕಂಡದ್ದು ತನಗೆ ಕಾಣುತ್ತಿಲ್ಲ ಎಂದು ಗೊತ್ತಾದರೆ ಮುಗಿಯಿತಲ್ಲ. ಅದಕ್ಕೇ ಆ ಮುದುಕರು ಕಾಣದ ಕೈಗೆ ಹೆದರಿ ಬಗ್ಗಿದ್ದು.

‘ಚಂದ್ರ್ಯಾ, ಹೋದ ವರ್ಷ ನಾ ಕಂಡದ್ದು ಖರೇನೋ ಸುಳ್ಳೋ?’ ಎಂದು ಅವರು ಕೇಳಿದರು ಒಂದು ದಿನ. ಗಡ್ಡ ಬೋಳಿಸಿರಲಿಲ್ಲ.

‘ಚಂದ್ರ್ಯಾ, ಬೆಳಕು ನೋಡಾಕ ಒಂದ ಕಣ್ಣ ಸಾಕು ಅಂತ ಹೇಳು. ಎರಡ ಕಣ್ಣಿದ್ದ ಪಂಚನೂ ಒಂದು ಮುಚ್ಚೇ ನೋಡತಾನಲ್ಲ!’

‘ಮುಚ್ಚೋದು ಬ್ಯಾರೆ, ಇಲ್ಲದ್ದು ಬ್ಯಾರೆ’ ಎಂದರು ಮಾವನವರು. ‘ಮುಚ್ಚಿದಾವ ತಗೀತಾನ. ಸಂಶೆ ಬಂದ್ರ ಎರಡೂ ತಗದು ನೋಡತಾನ. ನಾ ಏನ ತಗೀಲಿ?’

ವಾದದಲ್ಲಿ ನನ್ನನ್ನು ಸುಮ್ಮನಾಗಿಸಿದವರು ಕಡಿಮೆ.

ಸೋಮವಾರ ಅವರು ಒಗೆದ ಧೋತರ ಉಟ್ಟು, ರುಮಾಲು ಸುತ್ತಿ ಹೋದರು. ನಮ್ಮ ಕಡೆ ಹೆಂಗಸರು ಕುಸ್ತಿಗೆ ಹೋಗುವುದಿಲ್ಲ. ಕಣದ ಅಂಚಿನಲ್ಲಿ ಮೈಕ್‌ಸೆಟ್ಟು ಹಾಕಿಕೊಂಡು ಕೂತಿದ್ದ ನನ್ನ ಗಂಡ ಬಂದು ಹೇಳಿದ್ದನ್ನೇ ಹೇಳುತ್ತೇನೆ. ಪೈಲವಾನರು ಮೈಗೆ ಮಣ್ಣು ಹಚ್ಚಿಕೊಂಡು ನಿಂತಿದ್ದಾರೆ, ಹಲಗಿ ಬಡಿಯುತ್ತಿದ್ದಾರೆ. ಮಾವನವರು ಕಣದ ನಡುವೆ ಬಂದು ಹಲಗಿ ನಿಲ್ಲಿಸಿದರು. ರುಮಾಲು ತೆಗೆದು ಕೈಯಲ್ಲಿ ಹಿಡಿದು ಸುತ್ತಲೂ ಕೈ ಮುಗಿದರು.

‘ನನ್ನ ಎಡಗಣ್ಣು ಕಾಣಂಗಿಲ್ರೆಪಾ. ಮೊದಲಿಂದನೂ ಕಂಡಿಲ್ಲಂತ. ನನಗ ಈಗ ಗೊತ್ತಾತು. ಎರಡೂ ಕಣ್ಣು ಇದ್ದಾವನ್ನ ಪಂಚ ಮಾಡ್ಕೋರಿ.’

ಮೊದಲು ಮಂದಿ ಚೇಷ್ಟೆ ಎಂದು ನಕ್ಕರಂತೆ. ಆಮೇಲೆ ಗದ್ದಲ. ಯಾವನೋ ಒಬ್ಬ ಹಿಂದಿನಿಂದ, ‘ಹಂಗಾದ್ರ ಇಷ್ಟ ವರ್ಷ ಕುರುಡನ ಮಾತ ಕೇಳೀವೇನು!’ ಎಂದು ಕೂಗಿದನಂತೆ. ಅವನ ಬಾಯಿಗೆ ಹುಳ ಬೀಳಲಿ. ಮಾವನವರು ಸಿದ್ಧರಾಮನ ಕೈ ಹಿಡಿದು ಕಣದೊಳಗೆ ಬಿಟ್ಟು, ತಾವು ಹೊರಗೆ ಬೇವಿನ ಮರದ ಕೆಳಗೆ ಕಣದ ಕಡೆ ಬೆನ್ನು ಮಾಡಿ ಕೂತುಬಿಟ್ಟರಂತೆ. ಮಂದಿ ಚೀರಿದರೂ ತಿರುಗಿ ನೋಡಲಿಲ್ಲ. ಗೆದ್ದವನು ಸೋಮನಿಂಗ. ಅವನು ಬಂದು ಕಾಲಿಗೆ ನಮಸ್ಕಾರ ಮಾಡಿದರೆ ತಲೆ ಮುಟ್ಟಿ ಕಳಿಸಿದರು, ಹೇಗೆ ಗೆದ್ದೆ ಎಂದು ಕೇಳಲಿಲ್ಲ.

ಮನೆಗೆ ಬಂದವರು ಮಾತು ಬಿಟ್ಟರು. ಅತ್ತೆಯ ಜೊತೆಗಿಲ್ಲ, ಮಗನ ಜೊತೆಗಿಲ್ಲ. ಬೆಳಿಗ್ಗೆ ಹಿತ್ತಲಿಗೆ ಬಂದು ಹುರುಳಿ ಸುರಿದು ಹೋಗುತ್ತಿದ್ದರು. ನಾನು ಕಸಬರಿಗೆ ಹಿಡಿದು ಕಾಯುತ್ತಿದ್ದೆ. ಚಂದ್ರ್ಯಾನೂ ಕತ್ತೆತ್ತಿ ಕಾಯುತ್ತಿತ್ತು. ಒಂದಕ್ಷರ ಇಲ್ಲ. ಆ ಟಿವಿಯನ್ನು ಒನಕೆ ತೆಗೆದುಕೊಂಡು ಕುಟ್ಟಿಬಿಡೋಣ ಎನ್ನಿಸುತ್ತಿತ್ತು ನನಗೆ.

ನನ್ನ ಗಂಡನೋ, ಇಷ್ಟಾದರೂ ಬುದ್ಧಿ ಬಂದಿಲ್ಲ. ಕುಸ್ತಿಯನ್ನು ಫೋನಿನಲ್ಲಿ ಹಿಡಿದಿದ್ದರಂತೆ, ಅದನ್ನು ಪೆನ್‌ಡ್ರೈವಿಗೆ ಹಾಕಿ ಒಂದು ಸಂಜೆ ಟಿವಿಗೆ ಚುಚ್ಚಿದರು. ಮೇಲೆ ತ್ರೀಡಿ ಗುಂಡಿ ಬೇರೆ. ಸಿದ್ಧರಾಮನೂ ಬಂದಿದ್ದ, ಗುರುವಿನ ಮುಖ ನೋಡಲಾರದೆ ಮೂಲೆ ಹಿಡಿದು ಕೂತಿದ್ದ. ಅತ್ತೆ ಬಲವಂತದಿಂದ ಮಾವನವರನ್ನು ಕರೆತಂದು ಕೂರಿಸಿ ಚಸ್ಮಾ ಕೊಟ್ಟರು. ಅವರು ಅದನ್ನು ಹಾಕಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ತಿರುಗಿಸಿದರು. ಆಮೇಲೆ ಹಿಂದಕ್ಕೆ ಹೊರಳಿ ಅಡುಗೆಮನೆಯ ಬಾಗಿಲನ್ನು ನೋಡಿದರು.

‘ಭಾಗ್ಯಾ, ಇಲ್ಲಿ ಬಾರವಾ. ಕೂಡು.’

ಅತ್ತೆಯ ಬಾಯಿ ತೆರೆದದ್ದು ಹಾಗೇ ಉಳಿಯಿತು. ಭಾಗ್ಯಜ್ಯೋತಿ ಎಂಬ ನನ್ನ ಹೆಸರು ಆ ಬಾಯಿಂದ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸೆರಗು ಎಳೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಚಸ್ಮಾವನ್ನು ನನ್ನ ಕೈಗಿಟ್ಟರು. ‘ಚಸ್ಮಾ ಇಲ್ಲದ ನನಗ ಒಬ್ಬಾವ ಇಬ್ಬರಾಗಿ ಕಾಣತಾನ ಈಗ. ನೀ ಹಾಕ್ಕೊಂಡು ನೋಡು. ಏನ ಕಾಣತೈತಿ, ನನಗ ಹೇಳು.’

ಸೆರಗಿನ ಮೇಲೆಯೇ ಚಸ್ಮಾ ಸಿಕ್ಕಿಸಿಕೊಂಡೆ. ಅಯ್ಯೋ ಶಿವನೇ! ಕಣ ನಮ್ಮ ಗೋಡೆಯ ಆಚೆ ದೂರಕ್ಕೆ ಹೋಗಿತ್ತು, ಸೋಮನಿಂಗನ ಹಿಮ್ಮಡಿ ಮಾತ್ರ ನಮ್ಮ ಪಡಸಾಲೆಗೇ ಬಂದಿತ್ತು. ನಾನೂ ಹಿಂದಕ್ಕೆ ಸರಿದೆ.

‘ಯಾಕ ಸರದಿ?’

‘ಕಾಲು ಹತ್ರ ಬಂತ್ರಿ ಮಾವಾರ. ನಮ್ಮ ಪಡಸಾಲ್ಯಾಗಿನ ನೀರಿನ ಕೊಡದ ಹತ್ರಕ್ಕ.’

‘ಕಾಲು ದೊಡ್ಡದಾತೇನು?’

‘ದೊಡ್ಡದಲ್ರಿ. ಅಷ್ಟ ಐತಿ. ಹತ್ರ ಐತಿ.’

‘ದೊಡ್ಡದಾಗದ ಹತ್ರ ಹೆಂಗ ಬರತೈತಿ?’

ಏನು ಹೇಳಲಿ? ಕೈ ಚಾಚಿ ತೋರಿಸಿದೆ, ಗಾಳಿಯಲ್ಲಿ ಏನೂ ಸಿಗಲಿಲ್ಲ. ಅವರು ನನ್ನ ಬೆರಳನ್ನೂ ಟಿವಿಯನ್ನೂ ನೋಡಿ ತಲೆ ಅಲ್ಲಾಡಿಸಿದರು. ಅವರಿಗೆ ತಿಳಿಯಲಿಲ್ಲ, ನನಗೆ ತಿಳಿಸಲು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

‘ಹೋಗಲಿ ಬಿಡು. ಕುಸ್ತಿ ಹೇಳು’ ಎಂದರು.

ಅದನ್ನು ಹೇಳಿದೆ. ಸಿಂದಗಿಯವನು ಸೋಮನಿಂಗನನ್ನು ಕೆಡವಿದ, ಮೇಲೆ ಬಿದ್ದ, ಒತ್ತುತ್ತಿದ್ದಾನೆ. ‘ಸಿದ್ಧರಾಮಣ್ಣ ಬಂದಾ ನೋಡ್ರಿ. ಮಣ್ಣಾಗ ಮಲಗಿದಾ. ಕೆನ್ನಿ ನೆಲಕ್ಕ ಹಚ್ಚಿದಾ. ಎಡಗಣ್ಣು ಮುಚ್ಚಿದಾ.’

ಮಾವನವರು ನನ್ನ ಮಾತು ತಡೆದು ಮೂಲೆಯ ಕಡೆ ತಿರುಗಿದರು. ‘ಯಾಕೋ ಮುಚ್ಚಿದಿ? ನಿನ್ನ ಎಡಗಣ್ಣು ಚಲೋ ಐತೆಲ್ಲ?’

ಸಿದ್ಧರಾಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಮುಚ್ಚದ ಹೆಂಗ ನೋಡೋದ್ರಿ ಕಾಕಾರ? ನೀವ ಕಲಿಸಿದ್ದಲ್ರೀ. ಬಾಗೇವಾಡ್ಯಾಗ, ಮುದ್ದೇಬಿಹಾಳದಾಗ ಎಲ್ಲಾ ಹೊಸಾ ಪಂಚರೂ ಎಡದ್ದ ಮುಚ್ಚತಾರ. ಬಲದ್ದು ಯಾರೂ ಮುಚ್ಚಂಗಿಲ್ಲ.’

ಮಾವನವರು ರುಮಾಲಿನ ಚುಂಗಿನಿಂದ ಎರಡೂ ಕಣ್ಣು ಒರೆಸಿಕೊಂಡರು. ಎಡಗಣ್ಣೂ ಬಲಗಣ್ಣಿನಷ್ಟೇ ಒದ್ದೆಯಾಗಿತ್ತು.

‘ಮುಂದ ಹೇಳವಾ. ಬೆಳಕು ಐತೇನು?’

‘ಐತ್ರಿ ಮಾವಾರ. ದಾರದಷ್ಟ ಐತಿ. ಸೋಮನಿಂಗ ಹೊಳ್ಳಿದಾ! ಈಗ ಅವನ ಮ್ಯಾಲ, ಸಿಂದಗಿಯಾವ ಕೆಳಗ. ಒತ್ತಾಕತ್ತಾನ್ರಿ.’

ಅವರು ಅಂಗೈ ಎತ್ತಿ ಹಿಡಿದಿದ್ದರು. ‘ಬೆಳಕು?’

‘ಇನ್ನೂ ಐತ್ರಿ. ಐತ್ರಿ… ಹೋತ್ರಿ!’

ಅಂಗೈ ನಮ್ಮ ಪಡಸಾಲೆಯ ನೆಲಕ್ಕೆ ಬಿತ್ತು. ಟಿವಿಯಲ್ಲಿ ಸಿದ್ಧರಾಮ ಆಮೇಲೆ ಹೊಡೆದ.